ಪಾಲಬಾವಿಯ ಸಾವಿತ್ರೆವ್ವ ಟಿವಿ ಆರಿಸಿದ್ದು

ಸಾವಿತ್ರೆವ್ವ ತನ್ನ ಅರವತ್ತೊಂದು ವರ್ಷದ ಬಾಳಿನಲ್ಲಿ ಅಂಗಡಿಯಲ್ಲಿ ನಿಂತು ತಾನೇ ಬೆರಳು ಮಾಡಿ ಆರಿಸಿದ ವಸ್ತುಗಳು ಬಹಳ ಇರಲಿಲ್ಲ. ಐಗಳಿಯ ತವರಿನಲ್ಲಿದ್ದಾಗ ಸೀರೆಯನ್ನು ಅಪ್ಪ ತರುತ್ತಿದ್ದ. ಪಾಲಬಾವಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ಆರಿಸಿದ್ದನ್ನು ಉಟ್ಟಳು. ಅತ್ತೆಯ ನಂತರ ಆ ಕೆಲಸ ಗಂಡ ಮಾಳಸಿದ್ದನ ಪಾಲಿಗೆ ಬಂತು. ಮೊಬೈಲು, ಫ್ಯಾನು, ಮಿಕ್ಸರಿನ ಕಾಲ ಬಂದಾಗ ಮಗ ಬೀರದೇವನೇ ಎಲ್ಲ ನೋಡಿಕೊಂಡ.

ಕುರಿಯ ವಿಷಯಕ್ಕೆ ಬಂದರೆ ಮಾತ್ರ ಮನೆಯವರೆಲ್ಲ ಅವಳ ಕಣ್ಣಿಗೆ ಕಾಯುತ್ತಿದ್ದರು. ಸಂಜೆಯ ಮಬ್ಬಿನಲ್ಲಿ ನೂರೈವತ್ತು ಕುರಿಗಳ ನಡುವೆ ಕಾಲು ಎಳೆಯುವ ಒಂದನ್ನು ಅವಳು ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದಳು. ಉಣ್ಣೆ ಕೈಗೆ ಬಂದರೆ ಹುಟ್ಟು ಕಪ್ಪು ಯಾವುದು, ಬಿಸಿಲಿಗೆ ಕೆಂಪು ತಿರುಗಿದ ಕಪ್ಪು ಯಾವುದು ಎಂದು ಬೇರೆ ಮಾಡಿ ಇಡುತ್ತಿದ್ದಳು. ಉಳಿದವರಿಗೆ ಎರಡೂ ಒಂದೇ ಕಪ್ಪು.

ಮಾಳಸಿದ್ದ ನಲವತ್ತು ವರ್ಷ ಕುರಿಯ ಹಿಂದೆ ನಡೆದವನು. ಹೋದ ಶ್ರಾವಣದಲ್ಲಿ ರಾಯಬಾಗ ರಸ್ತೆ ದಾಟಿಸುವಾಗ ಮೋಟರ್‌ಸೈಕಲ್ಲೊಂದು ಬಂದು ಗುದ್ದಿತು. ಎಡ ಸೊಂಟದ ಎಲುಬು ಮುರಿಯಿತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿ ಕಳಿಸಿದರು. ಅಂಗಳದ ಕಡೆಯ ಸಣ್ಣ ಕೋಣೆಯಲ್ಲಿ ಅವನ ಮಂಚ ಬಿತ್ತು. ಮುರಿದ ಕಡೆಗೆ ಭಾರ ಬೀಳಬಾರದೆಂದು ಅವನು ಬಲ ಮಗ್ಗುಲಿಗೇ ಮಲಗುತ್ತಿದ್ದ. ಆ ಕಡೆ ಬಾಗಿಲಿತ್ತು. ಬಾಗಿಲಿನಿಂದ ಅಂಗಳ, ಅಂಗಳದಾಚೆ ಕುರಿದಡ್ಡಿಯ ಒಂದು ಮೂಲೆ, ಬೀದಿಯಲ್ಲಿ ಹೋಗಿಬರುವವರ ಕಾಲುಗಳು ಕಾಣುತ್ತಿದ್ದವು. ಮೂರು ತಿಂಗಳು ಅವನು ಅದನ್ನೇ ನೋಡಿದ. ಅಷ್ಟರಲ್ಲಿ ಬಲ ಸೊಂಟದ ಮೇಲೆ ಹಾಸಿಗೆ ಹುಣ್ಣು ಎದ್ದಿತು.

ವಾರಕ್ಕೊಮ್ಮೆ ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದ ನರ್ಸು ನೀಲಮ ಒಂದು ದಿನ ಖಡಾಖಂಡಿತ ಹೇಳಿದಳು. "ಎಲುಬು ಕೂಡೈತ್ರಿ ಕಾಕಾ. ಡಾಕ್ಟರ್ರು ಬರದು ಕೊಟ್ಟಾರ. ಇನ್ನ ಎಡ ಮಗ್ಗಲಾ ಮಲಗಬೇಕ್ರಿ. ಇಲ್ಲಂದ್ರ ಈ ಹುಣ್ಣು ಎಲುಬಿನ ತನಕಾ ಇಳಿತೈತಿ."

"ಆ ಕಡೆ ಏನೈತಿ ನೋಡಾಕ?" ಎಂದ ಮಾಳಸಿದ್ದ. "ಗ್ವಾಡಿ."

ಅವನು ಹೇಳಿದ್ದು ಸುಳ್ಳಲ್ಲ. ಎಡಗಡೆ ತಲೆದಿಂಬಿನ ಎದುರಿಗೆ ಕಬ್ಬಿಣದ ಕಪಾಟು, ಅದರಾಚೆ ಕಾಲಿನ ಕಡೆಗೆ ಬೋಳು ಗೋಡೆ. ಸಾವಿತ್ರೆವ್ವ ಅವನನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ಕಂಬಳಿ ಸುತ್ತಿ ಆಸರೆ ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಒಲೆಯ ಮೇಲಿನ ರೊಟ್ಟಿ ತಿರುವಿ ಬರುವಷ್ಟರಲ್ಲಿ ಅವನು ಮತ್ತೆ ಬಾಗಿಲ ಕಡೆಗೆ ಮುಖ ಮಾಡಿರುತ್ತಿದ್ದ. ಹೆದರಿಕೆಯೂ ಇತ್ತು, ಹಟವೂ ಇತ್ತು. ಅವಳು ಬೈದು ನೋಡಿದಳು, ಕೈ ಮುಗಿದು ನೋಡಿದಳು, ಯಾವುದೂ ನಡೆಯಲಿಲ್ಲ.

ಒಂದು ಮಧ್ಯಾಹ್ನ ಸೊಸೆ ರಾಜೇಶ್ವರಿ ಮಂಚದ ಎಡಗಡೆ ನಿಂತು ಮೊಬೈಲಿನಲ್ಲಿ ಟಗರಿನ ಕಾಳಗದ ವಿಡಿಯೋ ನೋಡುತ್ತಿದ್ದಳು. ಟಗರುಗಳು ಡಿಕ್ಕಿ ಹೊಡೆದ ಸದ್ದಿಗೆ ಮಾಳಸಿದ್ದ ಕತ್ತು ತಿರುಗಿಸಿದ. ಆಮೇಲೆ ಭುಜ. ಆಮೇಲೆ, ಯಾರೂ ಕೈ ಹಚ್ಚದೆ, ಅರ್ಧ ಮೈ. ಸೊಸೆ ಮೊಬೈಲು ಸೆರಗಿಗೆ ಸಿಕ್ಕಿಸಿಕೊಂಡು ನೀರು ತರಲು ಹೋದಳು, ಅವನು ಮೊದಲಿನಂತೆ ಮಲಗಿದ. ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ ಸಾವಿತ್ರೆವ್ವ ಇದನ್ನು ನೋಡಿದಳು. ಅವಳ ಕೈಯಲ್ಲಿದ್ದ ತಕಲಿ ನಿಂತಿತು.

ಅಂದೇ ಊಟಕ್ಕೆ ಕೂತಾಗ ಹೇಳಿದಳು. "ಆ ಖೋಲಿಗೆ ಒಂದು ಟಿವಿ ಬೇಕು."

ಮನೆಯಲ್ಲಿ ಮಾತಿನ ಗದ್ದಲ ಎದ್ದಿತು. ಬೇಡ ಎಂದು ಯಾರೂ ಅನ್ನಲಿಲ್ಲ, ಯಾವ ಕಂಪನಿಯದು ಎಂಬುದೇ ಜಗಳ. "ಝೆನೋರಾ ತರೂಣು ಯವ್ವಾ, ನಲವತ್ಮೂರ ಇಂಚಿಂದು. ಇಡೀ ಊರಾಗ ಅದ ಐತಿ. ತಂದ್ರ ಅದನ್ನ ತರಬೇಕು," ಎಂದ ಬೀರದೇವ. ರಾಜೇಶ್ವರಿ ಒಪ್ಪಲಿಲ್ಲ. ಅಥಣಿಯಲ್ಲಿ ಅವಳ ಅಣ್ಣನ ಮನೆಯಲ್ಲಿ ಸೋಮಿಕ ಕಂಪನಿಯದಿತ್ತು. "ನಾಕು ವರ್ಷ ಆತ್ರಿ ಅತ್ತಿ, ಒಂದ ಸಲನೂ ರಿಪೇರಿ ಕೇಳಿಲ್ಲ," ಎಂದಳು. ಮಜ್ಜಿಗೆ ಕೇಳಲು ಬಂದ ನೆರೆಯವಳು ಕೂಡ ನಿಂತಲ್ಲೇ ಮೂರನೆಯದೊಂದು ಹೆಸರು ಹೇಳಿ ಹೋದಳು.

ಸಾವಿತ್ರೆವ್ವ ಎಲ್ಲ ಕೇಳಿಸಿಕೊಂಡಳು. "ನೀವೆಲ್ಲಾ ಕುಂತು ನೋಡೂ ಟಿವಿ ಹೇಳಾಕತ್ತೀರಿ," ಎಂದಳು ಕೊನೆಗೆ. "ಅವರು ಮಲಗಿ ನೋಡಬೇಕು, ಅದೂ ಒಂದ ಮಗ್ಗಲಾ. ನಾನ ಹೋಗಿ ನೋಡಿ ತರತೇನಿ."

"ನಿನಗ ಟಿವಿದು ಏನ ತಿಳಿತೈತಿ ಯವ್ವಾ?"

"ತಿಳೀಲಿಲ್ಲಂದ್ರ ಕೇಳತೇನಿ. ಬಾಯಿ ಐತೆಲ್ಲ."

ಮರುದಿನ ಅವಳು ತಾನೇ ನೂತ ಕರಿ ಉಣ್ಣೆಯ ದಾರ ತೆಗೆದುಕೊಂಡು ಕೋಣೆಗೆ ಹೋದಳು. ನೆಲದಿಂದ ದಿಂಬಿನವರೆಗೆ ಹಿಡಿದು ಒಂದು ಗಂಟು ಹಾಕಿದಳು. ದಿಂಬಿನಿಂದ ಓರೆಯಾಗಿ, ಕಾಲಿನ ಕಡೆಯ ಬೋಳು ಗೋಡೆಯವರೆಗೆ ಹಿಡಿದು ಇನ್ನೊಂದು ಗಂಟು. ಕಪಾಟನ್ನು ಸರಿಸಲು ಕೋಣೆಯಲ್ಲಿ ಜಾಗವಿರಲಿಲ್ಲ, ಹಾಗಾಗಿ ಟಿವಿ ಅವನ ಮುಖದ ನೇರಕ್ಕೆ ಬರುವಂತಿರಲಿಲ್ಲ. ಕಪಾಟಿನ ಅಂಚಿನಿಂದ ಗೋಡೆಯ ಮೂಲೆಯವರೆಗೆ ಮೂರನೆಯ ಗಂಟು. ದಾರವನ್ನು ಸುತ್ತಿ ಚೀಲಕ್ಕೆ ಹಾಕಿ, ರಾಜೇಶ್ವರಿಯನ್ನು ಕರೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು.

ಮೊದಲ ಅಂಗಡಿಯಲ್ಲಿ ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಜಲಪಾತ. ಕೆಲಸದವನು ಅವರನ್ನು ದೊಡ್ಡ ಟಿವಿಯ ಮುಂದೆ ನಿಲ್ಲಿಸಿದ. "ಒಂದನ್ನ ಕೆಳಗ ಇಳಿಸಿ ತೋರಸ್ರಿ," ಎಂದಳು ಸಾವಿತ್ರೆವ್ವ. ಇಳಿಸಲು ಬರುವುದಿಲ್ಲ, ತೆಗೆದುಕೊಂಡರೆ ಮನೆಗೇ ಬಂದು ಹಾಕುತ್ತೇವೆ ಎಂದ ಅವನು. "ಗಿಳಿ ಬ್ಯಾಡ, ಮನಿಷ್ಯಾರ್ನ ತೋರಸ್ರಿ," ಎಂದರೆ ನಕ್ಕು ಬೇರೆ ಗಿರಾಕಿಯ ಕಡೆ ತಿರುಗಿದ. ಅವಳು ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ರಾಜೇಶ್ವರಿಗೆ ಮುಖ ಸಣ್ಣದಾಯಿತು. "ಬಾ ಬೇ, ಚಿಕ್ಕೋಡ್ಯಾಗ ಇದೊಂದ ಅಂಗಡಿ ಐತೇನು?" ಎಂದಳು ಅತ್ತೆ.

ಎರಡನೆಯ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಅದರ ಮಾಲೀಕ ಅಭಿನಂದನ, ನಲವತ್ತರ ಆಚೀಚಿನವನು, ತಾನೇ ಎದ್ದು ಬಂದ. "ಬರ್ರಿ ಆಯಿ, ಏನ್ ಬೇಕಾಗಿತ್ರಿ?"

"ಸಣ್ಣ ಖೋಲ್ಯಾಗ ಮಂಚದ ಮ್ಯಾಲೆ ಮಲಗಿದವರು ನೋಡೂ ಟಿವಿ ಬೇಕ್ರಿ ಸಾವಕಾರ್ರ."

ಅವನು ಕೆಲಸದ ಸುರಜನಿಗೆ ಹೇಳಿ ಮೂವತ್ತೆರಡು ಇಂಚಿನ ಮೂರು ಟಿವಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದ. ಝೆನೋರಾ, ಸೋಮಿಕ, ಮತ್ತೆ ತರಂಗ ಎಂಬ ಇನ್ನೊಂದು. ಕೊನೆಯದನ್ನು ಬೆಲೆ ಕಡಿಮೆ ಕೇಳುವವರಿಗೆಂದು ಇಟ್ಟಿದ್ದ. ಸಾವಿತ್ರೆವ್ವ ಎದುರಿಗೆ ನಿಂತು ನೋಡಿದಳು. ಝೆನೋರಾದ ಬಣ್ಣ ಕಣ್ಣು ಕುಕ್ಕುವಂತಿತ್ತು, ತರಂಗ ಸ್ವಲ್ಪ ಮಂದ. ರಾಜೇಶ್ವರಿಗೂ ಒಳಗೊಳಗೆ ಗಂಡ ಹೇಳಿದ್ದೇ ಸರಿ ಅನ್ನಿಸಿತು.

ಆಗ ಸಾವಿತ್ರೆವ್ವ ಚೀಲದಿಂದ ದಾರ ತೆಗೆದಳು. ಮೊದಲ ಗಂಟು ಹಿಡಿದು ಮಂಚದ ಎತ್ತರ ನೋಡಿ, ಅಂಗಡಿಯಲ್ಲಿದ್ದ ಎರಡು ಬೆಂಚುಗಳನ್ನು ಜೋಡಿಸಿದಳು. ಎರಡನೆಯ ಗಂಟು ಹಿಡಿದು ಅವನ್ನು ಓರೆಯಾಗಿ ದೂರ ಎಳೆದಳು. ಮೂರನೆಯದನ್ನು ನೋಡಿ ಟಿವಿಗಳನ್ನು ಇನ್ನೊಂದಿಷ್ಟು ಮೂಲೆಗೆ ಸರಿಸಲು ಹೇಳಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು, ಚೀಲವನ್ನು ತಲೆಗಿಟ್ಟುಕೊಂಡು, ತುಂಬಿದ ಅಂಗಡಿಯಲ್ಲಿ ಬೆಂಚಿನ ಮೇಲೆ ಎಡ ಮಗ್ಗುಲಾಗಿ ಮಲಗಿಬಿಟ್ಟಳು.

ಫ್ರಿಜ್ ನೋಡುತ್ತಿದ್ದವರು ತಿರುಗಿದರು. ಬಾಗಿಲಲ್ಲಿ ನಾಲ್ಕು ಜನ ನಿಂತರು. "ಅತ್ತಿ, ಏಳ್ರಿ, ಮಂದಿ ನೋಡಾಕತ್ತೈತಿ," ಎಂದು ರಾಜೇಶ್ವರಿ ಪಿಸುಗುಟ್ಟಿದಳು.

"ನೋಡ್ಲಿ ಬಿಡು. ನಾ ಟಿವಿ ನೋಡಾಕತ್ತೇನಿ," ಎಂದಳು ಅವಳು ಕಣ್ಣು ಕದಲಿಸದೆ. "ತಮ್ಮಾ, ಕುರಿ ಹಿಂಡಿಂದು ಏನರ ಐತೇನು? ಕರಿ ಕುರಿ ಇರಬೇಕು."

ಸುರಜ ಹುಡುಕಿ ಮೂರರಲ್ಲೂ ಅದನ್ನೇ ಹಚ್ಚಿದ. ಗುಡ್ಡದ ಇಳಿಜಾರಿನಲ್ಲಿ ಹಿಂಡು ಇಳಿಯುತ್ತಿತ್ತು. ನಿಂತಾಗ ಝಗಝಗಿಸಿದ್ದ ಝೆನೋರಾದಲ್ಲಿ ಈಗ ಕರಿ ಕುರಿಗಳು ಬೂದಿ ಮೆತ್ತಿಕೊಂಡಂತೆ ಬೆಳ್ಳಗಾಗಿದ್ದವು. ಸೋಮಿಕದಲ್ಲಿ ಕುರುಬನ ಮುಖ ನೀಲಿಗಟ್ಟಿತ್ತು. ಮೂಲೆಯ ತರಂಗದಲ್ಲಿ ಮಾತ್ರ ಕಪ್ಪು ಕಪ್ಪಾಗಿಯೇ ಇತ್ತು. ಹಿಂಡಿನ ನಡುವೆ ಒಂದು ಕುರಿಯ ಬೆನ್ನು ಬಿಸಿಲಿಗೆ ಕೆಂಪಾಗಿದ್ದದ್ದು ಕೂಡ ಅವಳಿಗೆ ಕಂಡಿತು.

"ಇನ್ನ ದನಿ. ಫ್ಯಾನ್ ಬಂದ್ ಮಾಡ್ರಿ. ಬಾತಮಿ ಹಚ್ಚರಿ," ಎಂದಳು. ಸುರಜ ವಾರ್ತೆ ಹಚ್ಚಿದ. ಗಂಡನ ಎಡ ಕಿವಿ ದಿಂಬಿಗೆ ಒತ್ತಿಕೊಂಡಿರುತ್ತದೆ, ಕೇಳುವುದು ಒಂದೇ ಕಿವಿಗೆ. ಅವಳು ತನ್ನ ಎಡ ಕಿವಿಯನ್ನು ಚೀಲಕ್ಕೆ ಒತ್ತಿ ಮೂರನ್ನೂ ಒಂದೊಂದಾಗಿ ಕೇಳಿದಳು. ಎರಡರ ಮಾತು ಗುಡುಗುಡು ಎಂದು ಹಿಂದಿನ ಗೋಡೆಗೇ ಹೋಗುತ್ತಿತ್ತು. ತರಂಗದ ದನಿ ಮುಂದಕ್ಕೆ ಬರುತ್ತಿತ್ತು.

ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ಇದ ಆತು."

ಅಭಿನಂದನನಿಗೆ ನಂಬಿಕೆ ಬರಲಿಲ್ಲ. "ಆಯಿ, ಅದನ್ನ ಯಾರೂ ಕೇಳಂಗಿಲ್ರಿ. ನಿಂತು ನೋಡಿದ್ರ ಮಂದ ಕಾಣತೈತಿ ಅಂತಾರು."

"ನೀವು ಮಲಗಿ ನೋಡೀರೇನು ಸಾವಕಾರ್ರ?"

ಬಾಗಿಲಲ್ಲಿದ್ದವರು ನಕ್ಕರು. ಅಭಿನಂದನ ಚಪ್ಪಲಿ ಬಿಟ್ಟ. ಆಮೇಲೆ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬೆಂಚಿನ ಮೇಲೆ ಅವಳು ಮಲಗಿದ್ದಂತೆ ಮಲಗಿದ. ಕುರಿಗಳ ವಿಡಿಯೋ ಮತ್ತೆ ಓಡಿತು. "ಅರೇ!" ಎಂದ. ತಲೆ ಎತ್ತಿ ನೋಡಿದ, ಮತ್ತೆ ಇಳಿಸಿ ನೋಡಿದ. "ಹದಿನೇಳು ವರ್ಷ ಆತ್ರಿ ಟಿವಿ ಮಾರಾಕತ್ತು. ಎಲ್ಲಾ ನಿಂತ ಮಾರೇನಿ! ಖರೇ ಐತ್ರಿ ಆಯಿ. ಇದರ ಪರದಾ ಬ್ಯಾರೆ ನಮೂನಿದ್ದು, ಮಗ್ಗಲಿಂದ ನೋಡಿದ್ರೂ ಬಣ್ಣ ಕೆಡಂಗಿಲ್ಲ. ಕಂಪನಿಯವ್ರು ಹೇಳಿದ್ರು, ನಾನ ಲಕ್ಷ್ಯ ಕೊಡಲಿಲ್ಲ." ಫ್ರಿಜ್ ನೋಡಲು ಬಂದಿದ್ದ ನಿಪ್ಪಾಣಿಯ ಗಂಡಸೊಬ್ಬ ಹಾಸಿಗೆ ಹಿಡಿದ ತನ್ನ ತಾಯಿಗೂ ಇಂಥದ್ದೇ ಬೇಕಲ್ಲ ಎಂದು ಮುಂದೆ ಬಂದ, ತನ್ನ ಸರದಿ ಬಂದಾಗ ಅವನೂ ಮಲಗಿದ. ರಾಜೇಶ್ವರಿಯ ನಾಚಿಕೆ ಎಲ್ಲಿ ಹೋಯಿತೋ, ಅವಳು ಅತ್ತೆಯ ಪಕ್ಕಕ್ಕೆ ಬಂದು ಎದೆಯೆತ್ತಿ ನಿಂತಳು.

ಮರುದಿನ ಸುರಜ ಪಾಲಬಾವಿಗೆ ಬಂದು ಟಿವಿ ಕೂಡ್ರಿಸಿದ. ಸಾವಿತ್ರೆವ್ವ ಮಂಚದ ಅಂಚಿಗೆ ತಲೆ ಇಟ್ಟು, ಇನ್ನೂ ಕೆಳಗೆ, ಇನ್ನೂ ಈ ಕಡೆಗೆ ವಾಲಿಸು ಎಂದು ಹೇಳಿ ಹೇಳಿ ಮೊಳೆ ಹೊಡೆಸಿದಳು. ಬೀರದೇವ ಬಾಗಿಲಲ್ಲಿ ನಿಂತು ಮುಖ ಗಂಟು ಹಾಕಿಕೊಂಡಿದ್ದ. "ಹೆಸರ ಕೇಳಿಲ್ಲ ಈ ಕಂಪನಿದು. ಮೂರ ತಿಂಗಳಾ ಬಾಳಿಕಿ ಬಂದ್ರ ಹೇಳು."

ಮಾಳಸಿದ್ದ ಈ ಗಲಾಟೆಗೆಲ್ಲ ಬೆನ್ನು ಮಾಡಿ ಬಾಗಿಲನ್ನೇ ನೋಡುತ್ತಿದ್ದ. ಅವಳೂ ಅವನನ್ನು ಹೊರಳಿಸಲು ಹೋಗಲಿಲ್ಲ. ಕೊಲ್ಹಾಪುರದ ಕಡೆಯ ಒಂದು ಕುಸ್ತಿ ಮೈದಾನದ ವಿಡಿಯೋ ಹಚ್ಚಲು ಸೊಸೆಗೆ ಹೇಳಿ, ತಾನು ನೆಲದ ಮೇಲೆ ಕೂತು ನೂಲತೊಡಗಿದಳು. ಹಲಗಿ ವಾದ್ಯ ಬಾರಿಸುತ್ತಿದ್ದರು. ಮರಾಠಿಯಲ್ಲಿ ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ. ಇದ್ದಕ್ಕಿದ್ದಂತೆ ಮಂದಿ ಹೋ ಎಂದು ಎದ್ದ ಸದ್ದು ಬಂತು.

"ಯಾಂವ ಚಿತ್ ಆದ?" ಎಂದ ಮಾಳಸಿದ್ದ, ಬೆನ್ನು ಮಾಡಿಕೊಂಡೇ.

"ನನಗೇನ್ ತಿಳಿತೈತ್ರಿ ಕುಸ್ತಿ?"

"ಅಯ್ಯ, ಕೆಂಪ ಚಡ್ಡಿಯಾಂವನೋ, ನೀಲಿಯಾಂವನೋ?"

"ನೀವ ನೋಡ್ರಿ."

ಮಂಚ ಕಿರ್ ಎಂದಿತು. ಅವನು ಮಂಚದ ಪಟ್ಟಿ ಹಿಡಿದ. ಭುಜ ತಿರುಗಿತು, ಸೊಂಟ ತಿರುಗಿತು. ಹಲ್ಲು ಕಚ್ಚಿ, ಮೂರು ತಿಂಗಳಿಂದ ಹೆದರಿಸಿದ್ದ ಎಡ ಸೊಂಟದ ಮೇಲೆ ಭಾರ ಬಿಟ್ಟು, ಪೂರ್ತಿ ಹೊರಳಿ ಮಲಗಿದ. ಯಾರೂ ಕೈ ಹಚ್ಚಲಿಲ್ಲ. ಬಾಗಿಲಲ್ಲಿದ್ದ ಬೀರದೇವ ಒಂದು ಹೆಜ್ಜೆ ಒಳಗೆ ಬಂದ. "ಹತ್ ಇವನ! ನೀಲಿಯಾಂವ ಕಾಲ ಸಿಗಿಸ್ಯಾನ ನೋಡ," ಎಂದ ಮಾಳಸಿದ್ದ. ಅದೇ ಮಗ್ಗುಲಲ್ಲಿ ಎರಡು ತಾಸು ಮಲಗಿದ್ದ. ಸಾವಿತ್ರೆವ್ವ ತಲೆ ಬಗ್ಗಿಸಿ ನೂಲುತ್ತಲೇ ಇದ್ದಳು. ನೂಲು ಕಣ್ಣಿಗೆ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು.

ಹದಿನೈದು ದಿನಕ್ಕೆ ಹುಣ್ಣು ಒಣಗಲು ಹತ್ತಿತು. ಒಂದೂವರೆ ತಿಂಗಳಿಗೆ ಹೊಸ ಚರ್ಮ ಬಂತು. ನೀಲಮ ಕೊನೆಯ ಪಟ್ಟಿ ಬಿಚ್ಚಿ, "ಈ ಔಷಧ ನಮ್ಮ ದವಾಖಾನ್ಯಾಗ ಸಿಗಂಗಿಲ್ರಿ ಅವ್ವಾ," ಎಂದು ಟಿವಿಯ ಕಡೆ ಕೈ ಮಾಡಿ ನಕ್ಕಳು. ಕೂತು ಕುಸ್ತಿ ನೋಡುವ ಆಸೆಗೆ ಮಾಳಸಿದ್ದ ಏಳುವುದನ್ನು ಕಲಿತ. ಆಮೇಲೆ ವಾಕರು ಹಿಡಿದು ಹೊಸ್ತಿಲವರೆಗೆ, ಹೊಸ್ತಿಲಿನಿಂದ ಅಂಗಳಕ್ಕೆ. ಬೀರದೇವ ಊರಲ್ಲಿ ಸಿಕ್ಕವರಿಗೆಲ್ಲ ಈ ಟಿವಿಯನ್ನು ತಮ್ಮ ಅವ್ವ ಹೇಗೆ ಆರಿಸಿದಳು ಎಂದು ತಾನೇ ನೋಡಿ ಬಂದವನಂತೆ ಹೇಳತೊಡಗಿದ.

ಮಾಘ ಮಾಸದ ಒಂದು ಮುಂಜಾನೆ ಮಾಳಸಿದ್ದ ಕೋಲೂರಿ ಕುರಿದಡ್ಡಿಯವರೆಗೆ ನಡೆದು ಹೋದ. ಹಿಂಡಿನ ನಡುವೆ ನಿಂತು, ತನ್ನ ಗೈರಿನಲ್ಲಿ ಹುಟ್ಟಿದ ಮರಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಒಂದು ಮರಿಯ ಕಿವಿಯ ಗುರುತು ತಿಳಿಯದೆ ಹೆಂಡತಿಯನ್ನು ಕೇಳಲು ಮನೆಯ ಕಡೆ ತಿರುಗಿ ಕೂಗಿದ. ಉತ್ತರ ಬರಲಿಲ್ಲ. ಎರಡನೆಯ ಸಲ ಕೂಗಿದಾಗ ರಾಜೇಶ್ವರಿ ನಗುತ್ತ ಹೊರಗೆ ಬಂದಳು.

"ಮಾವಾರ, ಅತ್ತಿ ಈಗ ಬರಂಗಿಲ್ರಿ. ಫೈನಲ್ ಕುಸ್ತಿ ನಡದೈತಿ."

ಒಳಗೆ ಸಾವಿತ್ರೆವ್ವ ಮಂಚದ ಮೇಲೆ ಎಡ ಮಗ್ಗುಲಾಗಿ, ಹಾಡುಹಗಲೇ, ಕಾಲು ಚಾಚಿ ಮಲಗಿದ್ದಳು. ಸೊಸೆಯಾಗಿ ಬಂದಂದಿನಿಂದ ಹಗಲು ಹೊತ್ತು ಅವಳು ಹಾಗೆ ಮಲಗಿದ್ದನ್ನು ಆ ಮನೆ ನೋಡಿರಲಿಲ್ಲ. "ಎತ್ತಿ ಒಗಿ ಅವನ್ನ, ಎತ್ತಿ ಒಗಿ!" ಎಂದು ಅವಳು ಕೂಗಿದ್ದು ಅಂಗಳ ದಾಟಿ ದಡ್ಡಿಯವರೆಗೂ ಕೇಳಿಸಿತು.