ಎಡಚಿ ಹೊರಗಿದ್ದಾಳೆ

ನನ್ನ ಗಂಡ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಜಗಳ ಆಡುತ್ತಿದ್ದರು, ಒಂದನ್ನೂ ನುಂಗಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮಷೀನು, ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನು ಕಾಜಾ ಹೊಲಿಯುತ್ತಿದ್ದೆ, ಅವರು ಪುಸ್ತಕ ಓದಿ ಹೇಳುತ್ತಿದ್ದರು. ನನಗೂ ಓದು ಬರುತ್ತದೆ, ಅಕ್ಷರ ಅಕ್ಷರ ಕೂಡಿಸಿಕೊಂಡು. ಅಷ್ಟರಲ್ಲಿ ಕಥೆ ತಣ್ಣಗಾಗಿರುತ್ತದೆ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪುಸ್ತಕದ ಕೂಟ ಸೇರುತ್ತದೆ. ಒಂದು ಪುಸ್ತಕ ಆರಿಸಿ, ಗಟ್ಟಿಯಾಗಿ ಓದಿ, ಅದರ ಬಗ್ಗೆ ಮಾತಾಡುತ್ತಾರೆ. ಈ ಸಲ ವಿಜ್ಞಾನದ ಕಾದಂಬರಿ. ಆರಿಸುವ ಸರದಿ ಇವರದು. ಒಂದನ್ನು ಮನೆಗೆ ತಂದು ನನ್ನ ಮುಂದೆ ಓದಿ ನೋಡುತ್ತಿದ್ದರು.

ಆಕಾಶದಲ್ಲಿ ಒಂದು ಹಡಗು. ಅದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವಳೂ ನನ್ನ ಹಾಗೇ ಎಡಗೈಯಲ್ಲಿ ಹೊಲಿಯುವವಳು. "ನೋಡೇ, ಇಲ್ಲೂ ಒಬ್ಬಳು ಎಡಚಿ ಇದಾಳೆ" ಎಂದು ನಕ್ಕಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ಹಡಗಿನ ಹೊದಿಕೆ ಹರಿಯಿತು. ಎಡಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೇಪೆ ಹಾಕಲು ಹೊರಗೆ ಹೋದಳು. ಅವನು ಒಳಗೆ ಹಗ್ಗ ಹಿಡಿದು ನಿಂತ. ಅಲ್ಲಿಗೆ ಪುಸ್ತಕ ಮುಚ್ಚಿದರು.

"ಅಯ್ಯೋ, ಅವಳನ್ನ ಒಳಗೆ ಕರ್ಕೊಂಡು ಆಮೇಲೆ ಮುಚ್ರೀ."

"ಎಲ್ಲಿ ಓಡಿಹೋಗ್ತಾಳೆ? ನಾಳೆ."

ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಆಮೇಲೆ ನನಗೆ ಅದೇ ಭಯ. ಕಣ್ಣು ಮುಚ್ಚಿದರೆ ನಾನೇ ಹೊರಗೆ ತೂಗಾಡುತ್ತಿರುತ್ತೇನೆ, ಹಗ್ಗ ಸಡಿಲ. ಪುಸ್ತಕ ತೆರೆಯಲೂ ಹೆದರಿಕೆ. ಒಬ್ಬಳೇ ಕೂತು ಓದಿ, ಅವಳು ಬರಲೇ ಇಲ್ಲ ಅಂತಿದ್ದರೆ? ನಾಲ್ಕು ಜನರ ನಡುವೆ ಕೇಳಿದರೆ ತಡೆದುಕೊಂಡೇನು ಎಂದು ಇವರ ಬದಲು ನಾನೇ ಪುಸ್ತಕ ತಗೊಂಡು ಕೂಟಕ್ಕೆ ಹೋದೆ.

ಔಷಧಿ ಅಂಗಡಿಯವ ರಟ್ಟು ನೋಡಿದ. "ಬೇರೆ ಗ್ರಹದ ಕಥೆಯಾ ಅಕ್ಕಾ? ನಮ್ಮ ಗ್ರಹಚಾರ ಸಾಲದಾ?"

ಎಲ್ಲರೂ ನಕ್ಕರು. ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟೆ. "ಇದೇ ಆಗಬೇಕು. ಎಡಚಿ ಒಳಗೆ ಬಂದಳಾ ಅಂತ ನನಗೆ ಗೊತ್ತಾಗಬೇಕು."

ಲೈಬ್ರರಿಯಮ್ಮ ಅದನ್ನು ಓದಿದ್ದವರು. "ಯಾವ ಎಡಚಿ? ಇದರಲ್ಲಿ ಹೆಂಗಸೇ ಇಲ್ಲವಲ್ಲಮ್ಮ. ಹಡಗಲ್ಲಿ ಇರೋದು ಅವನೊಬ್ಬನೇ."

ನಾನು ಬಿಡಲಿಲ್ಲ. "ಹಗ್ಗ?"

"ಹಗ್ಗ ಇದೆ. ಅವನೇ ಕಟ್ಕೊಂಡು ಹೊರಗೆ ಹೋಗ್ತಾನೆ."

ಪುಟ ತೆಗೆದು ಕೊಟ್ಟರು. ಬೆರಳಿಟ್ಟು ಓದಿದೆ. ಅವನು. ಬಾಗಿಲು. ಹಗ್ಗ. ಎಡಚಿ ಎಲ್ಲೂ ಇರಲಿಲ್ಲ.

ಹಾಗಾದರೆ ಅವಳನ್ನು ಹಡಗು ಹತ್ತಿಸಿದವರು ನನ್ನ ಗಂಡ. ಹೊರಗೆ ಕಳಿಸಿದವರೂ ಇವರೇ. ಒಳಗೆ ಕರೆಯುವ ಮೊದಲೇ ಹೊರಟುಹೋದರು. ಇನ್ನು ಯಾರನ್ನು ಕೇಳಲಿ?

"ಬೇರೆ ಪುಸ್ತಕ ನೋಡೋಣ್ವಾ?" ಎಂದರು ಲೈಬ್ರರಿಯಮ್ಮ, ಮೆಲ್ಲಗೆ.

"ಬೇಡ, ಇದೇ ಇರಲಿ. ಅವನ ಕಥೆ ನೀವು ಓದಿ. ನಡುನಡುವೆ ಅವಳದ್ದು ನಾನು ಹೇಳ್ತೀನಿ."

ಔಷಧಿ ಅಂಗಡಿಯವನೇ ಮೊದಲು ಒಪ್ಪಿ ಕೈ ಎತ್ತಿದ. ಉಳಿದವರೂ ಎತ್ತಿದರು.

"ಅಕ್ಕಾ, ಅವಳು ಒಳಗೆ ಬರ್ತಾಳಾ?" ಎಂದ. ಈ ಸಲ ನಗಲಿಲ್ಲ.

"ನನಗೇನು ಗೊತ್ತಪ್ಪ?" ಎಂದೆ. ಇವರು ಕೂರುತ್ತಿದ್ದ ಕುರ್ಚಿಯ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕೂತೆ.