ಗುರುತು ಕತ್ತರಿಸುವ ಜಾನ್ ಬೀ

ಟಕ್. ಹಲ್ಲಿನಿಂದ ದಾರ ಕಡಿದ ಸದ್ದು. ಹುಣಸೂರಿನ ಛತ್ರದ ಹಿಂದಿನ ಗಾಡಿ ಕೊಟ್ಟಿಗೆಯಲ್ಲಿ ಈ ಸರಿಹೊತ್ತಿನಲ್ಲಿ ಒಂದು ಲಾಂದ್ರ ಉರಿಯುತ್ತಿದೆ, ಅದರ ಮಗ್ಗುಲಲ್ಲಿ ಜಾನ್ ಬೀ ಕೂತಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಬೆಟ್ಟಸ್ವಾಮಿಯ ಎತ್ತಿನ ಗಾಡಿ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಮುಂದಿರುವ ಗಂಟು ಮುಗಿಯಬೇಕು.

ಲಕ್ಷ್ಮಣತೀರ್ಥ ಉಕ್ಕಿ ಹರಿದು ಮೂರು ವಾರವಾಗಿದೆ. ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕೂತುಬಿಟ್ಟಿವೆ. ಊರ ಹಿರಿಯರು ಸೇರಿ ಕಟ್ಟಿದ ಸಹಾಯ ಸಮಿತಿಗೆ ಬಿಳಿಕೆರೆಯಿಂದ, ಪಿರಿಯಾಪಟ್ಟಣದಿಂದ, ಮೈಸೂರಿನಿಂದಲೂ ಉಟ್ಟ ಬಟ್ಟೆಯ ಗಂಟುಗಳು ಬರುತ್ತಿವೆ. ಅವನ್ನು ಬಿಚ್ಚಿ, ಹರಿದದ್ದನ್ನು ಹೊಲಿದು, ಊರೂರಿಗೆ ವಿಂಗಡಿಸುವುದು ಜಾನ್ ಬೀಗೆ ಒಪ್ಪಿಸಿದ ಕೆಲಸ. ಆದರೆ ಅವರು ಮೊದಲು ಮಾಡುವುದು ಯಾರೂ ಒಪ್ಪಿಸದ ಇನ್ನೊಂದು ಕೆಲಸ. ಪ್ರತಿ ಸೀರೆಯ ಮೂಲೆ ಹುಡುಕಿ, ಅಗಸರು ಅಳಿಯದ ಕಪ್ಪು ಮಸಿಯಲ್ಲಿ ಇಟ್ಟ ಮನೆಗುರುತನ್ನು ಕತ್ತರಿಸಿ ತೆಗೆದು, ಅಂಚು ಮಡಿಚಿ ಹೊಲಿಯುತ್ತಾರೆ.

“ಗುರ್ತು ಇದ್ರೆ ಸೀರೆ ಉಟ್ಟೋಳ್ದಾಗಾಕಿಲ್ಲ. ಕೊಟ್ಟೋಳ್ದೇ ಆಗಿರ್ತದೆ,” ಎನ್ನುತ್ತಾರೆ.

ವಯಸ್ಸು ಐವತ್ತರ ಮೇಲೆ. ಗಂಡ ಪೀರ್ ಸಾಬ್ ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದವರು, ಪ್ಲೇಗಿನ ವರ್ಷ ತೀರಿಕೊಂಡರು. ಮಕ್ಕಳಿಲ್ಲ. ನಾದಿನಿ ರಜಿಯಾ ಬೇಗಂ ಜತೆ ಎರಡು ಅಂಕಣದ ಮನೆಯಲ್ಲಿ ವಾಸ. ಸಮಿತಿ ದಿನಕ್ಕೆ ಎರಡು ಸೇರು ರಾಗಿ ಕೊಡುತ್ತದೆ, ಒಲೆ ಉರಿಯುವುದು ಅದರಿಂದಲೇ. ದಿನಕ್ಕೆ ನಲವತ್ತು ಬಟ್ಟೆ ಕೈದಾಟುತ್ತವೆ, ಕಣ್ಣು ಮಂಜಾದ ದಿನ ಮೂವತ್ತು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ.

ಇದು ಶುರುವಾದದ್ದು ಐದು ವರ್ಷದ ಹಿಂದಿನ ನೆರೆಯಲ್ಲಿ. ಗಾವಡಗೆರೆ ಕಡೆಯ ಚಿಕ್ಕಸಿದ್ದಮ್ಮ ಎಂಬ ಸೊಪ್ಪು ಮಾರುವ ಹೆಂಗಸಿಗೆ ಜಾನ್ ಬೀ ತಮ್ಮ ಕೈಯಾರೆ ಒಂದು ಹಸಿರು ಸೀರೆ ಎತ್ತಿಕೊಟ್ಟಿದ್ದರು. ಸಂತೆಯಲ್ಲಿ ಪೇಟೆಯ ಶಿವರುದ್ರಮ್ಮನವರು ಅವಳ ಸೆರಗು ಹಿಡಿದು, ಮೂಲೆ ತಿರುವಿ ಜತೆಯವರಿಗೆ ತೋರಿಸಿದರು. “ನಮ್ಮನೆ ಗುರ್ತೇ ಕಣ್ರೇ. ನನ್ ಸೀರೆ, ನಂಗಿಂತ ಇವ್ಳಿಗೇ ಒಪ್ಪುತ್ತೆ.” ಮೆಚ್ಚಿ ಆಡಿದ ಮಾತೇ. ಮಾರನೆಯ ಬೆಳಿಗ್ಗೆ ಒಗೆದು ಮಡಿಚಿದ ಆ ಸೀರೆ ಛತ್ರದ ಜಗಲಿಯ ಮೇಲಿತ್ತು. ಚಿಕ್ಕಸಿದ್ದಮ್ಮ ತನ್ನ ಹಳೆಯ ಹರಕಲಿನಲ್ಲೇ ಊರಿಗೆ ನಡೆದು ಹೋಗಿದ್ದಳು. “ಶಿವರುದ್ರಮ್ಮೋರು ತಪ್ಪು ಮಾಡ್ನಿಲ್ಲ. ಮೂಲೆ ನೋಡ್ದೆ ಕೊಟ್ಟೋಳು ನಾನು,” ಎನ್ನುತ್ತಾರೆ ಜಾನ್ ಬೀ.

ಅಂದಿನಿಂದ ಒಂದು ಕಡೆಯ ಬಟ್ಟೆಯನ್ನು ಅದೇ ಕಡೆಗೆ ಕಳಿಸುವುದೂ ಇಲ್ಲ. ಕೋಳಿ ಕೂಗುವಾಗ ಗಾಡಿ ತಂದ ಬೆಟ್ಟಸ್ವಾಮಿಯದು ಇದಕ್ಕೇ ತಕರಾರು.

“ಇಲ್ಲೇ ಪಕ್ಕದ ಗಾವಡಗೆರೆಗೆ ಆಕೋದ್ ಬುಟ್ಟು ಯಡತೊರೆಗೆ ಒಡಿ ಅಂತೀಯಲ್ಲ ಬೂವಮ್ಮ, ಎತ್ತುಗೂ ವಸಿ ನೀನೇ ಯೋಳು.”

“ಯೋಳಿವ್ನಿ ಕಣಪ್ಪ. ಅವು ಒಪ್ಕಂಡವೆ. ಗೊಣಗೋದು ನೀನೊಬ್ನೇ.”

ಈ ಸಲ ಸಮಿತಿ ಹೊಸ ಕಟ್ಟಳೆ ಮಾಡಿದೆ. ಹಿಂದೆ ಕೆಲವರು ಎರಡೆರಡು ಸಲ ಪಡೆದರೆಂಬ ದೂರಿತ್ತು. ಅದಕ್ಕೇ ಬಟ್ಟೆ ಪಡೆದವರು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಪುಸ್ತಕ ಬರೆಯುವ ಜವಳಿ ವ್ಯಾಪಾರಿ ಅಬ್ದುಲ್ ರಹಮಾನ್ ಸಂತೆಯ ದಿನ ಛತ್ರದ ಮುಂದೆ ನಿಂತು ಅಷ್ಟೂ ಹೆಸರು ಓದುತ್ತಾರೆ.

ಹೋದ ವಾರ ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಮುಖದ ಮೇಲೆ ಸೆರಗು. ಕೆಸರು ಮೆತ್ತಿದ ಆ ಸೆರಗಿನ ಮೂಲೆಯಲ್ಲಿ ಎರಡು ಚುಕ್ಕೆ, ಕೆಳಗೊಂದು ಗೆರೆ. ಹಿಂದಿನ ನೆರೆಯಲ್ಲಿ ಒಂದೇ ಮನೆಯಿಂದ ಇಡೀ ಗಂಟು ಬಂದಿತ್ತು. ಅದರ ಪ್ರತಿ ಸೀರೆಯಲ್ಲೂ ಕತ್ತರಿಸಿದ್ದು ಇದೇ ಗುರುತನ್ನು. ಅಂದು ಕೊಟ್ಟ ಆ ಮನೆಯೇ ಈಗ ಬಿದ್ದಿದೆ.

“ಹೆಸ್ರು ಓದ್ತಾರಂತೆ, ಹೌದಾ?”

“ಓದ್ತಾರೆ ಅಮ್ಮಯ್ಯ.”

“ಹಾಗಾದ್ರೆ ಬೇಡ ಬಿಡಿ. ಮಗೂಗೆ ಒಂದು ಲಂಗ ಸಿಕ್ಕಿದ್ರೆ ಸಾಕಿತ್ತು.” ಹೊರಡಲು ತಿರುಗಿದರು.

ಜಾನ್ ಬೀ ಹೆಸರು ಕೇಳಲಿಲ್ಲ. ಮೈಸೂರಿನ ಗಂಟಿನಿಂದ ಎರಡು ಸೀರೆ, ಒಂದು ಲಂಗ ತೆಗೆದು ಕೈಗಿಟ್ಟರು. ಆಮೇಲೆ ಪುಸ್ತಕ ಬಂದಾಗ ಆ ಮೂರಕ್ಕೂ ತಮ್ಮದೇ ಹೆಬ್ಬೆಟ್ಟು ಒತ್ತಿದರು.

ಸಂತೆಯ ದಿನ ಅಬ್ದುಲ್ ರಹಮಾನ್ ಓದುತ್ತಾ ಬಂದು ಆ ಸಾಲನ್ನೂ ಓದಿದರು. “ಜಾನ್ ಬೀ, ಹುಣಸೂರು ಪೇಟೆ. ಸೀರೆ ಎರಡು, ಲಂಗ ಒಂದು.”

ಗುಂಪಿನಿಂದ ಒಬ್ಬ ಕೇಳಿದ, “ಲಂಗ ಯಾರ್ಗೆ ಬೂವಮ್ಮ? ನೀನೇ ತೊಟ್ಕಂಡು ಕುಣೀತೀಯ?” ಜನ ನಕ್ಕರು. ನಗು ನಿಂತ ಮೇಲೆ ಗುಸುಗುಸು ಎದ್ದಿತು. ಇಷ್ಟು ವರ್ಷ ಗಂಟು ಬಿಚ್ಚಿದ ಕೈ ಇನ್ನೆಷ್ಟು ಒಯ್ದಿದೆಯೋ ಎಂದು ಯಾರೋ ಅಂದದ್ದು ಜಾನ್ ಬೀಗೆ ಸ್ಪಷ್ಟವಾಗಿಯೇ ಕೇಳಿಸಿತು.

ಈಗ ಕೊಟ್ಟಿಗೆಯಲ್ಲಿ ಬೆಳಗಿನ ಬಿಸಿಲು. ಅಬ್ದುಲ್ ರಹಮಾನ್ ಬಾಗಿಲ ಬಳಿ ನಿಂತಿದ್ದಾರೆ.

“ಆಪಾ, ಸಾಯಂಕಾಲ ಸಮಿತಿ ಕೂರುತ್ತೆ. ನಿಮ್ಮನ್ನ ಕೆಲಸದಿಂದ ಬಿಡಿಸ್ಬೇಕು ಅಂತಿದ್ದಾರೆ. ನೀವು ತಗೊಂಡಿಲ್ಲ, ನಂಗೊತ್ತು. ಯಾರಿಗೆ ಕೊಟ್ರಿ ಅಂತ ನನ್ನೊಬ್ಬನ ಕಿವಿಗೆ ಹಾಕಿ, ಸಾಕು.”

ಜಾನ್ ಬೀ ತಲೆಯೆತ್ತಿ ಅವರ ಮುಖ ನೋಡುತ್ತಾರೆ. ಒಳ್ಳೆಯ ಮನುಷ್ಯ. ಹೇಳಿದರೆ, ಜಾನ್ ಬೀಯನ್ನು ಉಳಿಸಲೆಂದೇ ಸಮಿತಿಯ ಮುಂದೆ ಬಾಯಿ ಬಿಡುತ್ತಾರೆ. ಸಮಿತಿಯವರು ಮನೆಗೆ ಹೋಗಿ ಊಟದ ಹೊತ್ತಿಗೆ ಹೆಂಡತಿಯರಿಗೆ ಹೇಳುತ್ತಾರೆ. ನಾಳೆ ನೀರು ಸೇದುವ ಬಾವಿಕಟ್ಟೆಗೆ ಆ ಸೀರೆಯಲ್ಲಿ ಆ ಹೆಂಗಸು ಬಂದಾಗ ನಾಲ್ಕು ಜನ ತಿರುಗಿ ನೋಡುತ್ತಾರೆ. ರಾಗಿ ಹೋದರೆ ರವಿಕೆ ಹೊಲಿದುಕೊಂಡು ಹೇಗೋ ನಡೆದೀತು. ಹೋದ ಹೆಸರಿಗೆ ತೇಪೆ ಹಾಕಲು ಬಾರದು ಎಂಬುದೂ ಅವರಿಗೆ ಗೊತ್ತಿದೆ.

“ನಂಗೇ ಬೇಕಿತ್ತು ಭಾಯಿ. ಅಂಗೇ ಬರ್ಕೊಳ್ಳಿ.”

“ಆಪಾ...”

“ಬಿಡ್ಸಿದ್ರೆ ಬಿಡಿಸ್ಲಿ. ನನ್ ಜಾಗಕ್ ಬರೋಳ್ನ ಒಂದಿನ ಮುಂಚೆ ಕಳ್ಸಿ. ಮೂಲೆ ಕತ್ತರ್ಸೋದ ತೋರಿಸ್ಕೊಟ್ಟು ಓಯ್ತೀನಿ. ಅಷ್ಟು ಮಾಡ್ಸಿ ಸಾಕು.”

ಅವರು ಹೋದ ಮೇಲೆ ಜಾನ್ ಬೀ ಇನ್ನೊಂದು ಸೀರೆ ತೊಡೆಯ ಮೇಲೆ ಹರವಿಕೊಳ್ಳುತ್ತಾರೆ. ರಾತ್ರಿ ಮನೆಯಲ್ಲಿ ರಜಿಯಾ ಬೇಗಂ ಕೇಳಿಯೇ ಕೇಳುತ್ತಾಳೆ, ಅಳುತ್ತಾಳೆ, ಜಗಳವನ್ನೂ ಆಡುತ್ತಾಳೆ. ಅವಳಿಗೂ ಹೇಳುವುದಿಲ್ಲ.