ಪರದೆಯಕ್ಕ ಸಿಂಗರಿಸಿದ ಮನೆಗಳು

ಗಂಡ ತೀರಿಕೊಂಡಾಗ ಪರದೆಯಕ್ಕನಿಗೆ ನಲವತ್ತಾರು ವರ್ಷ. ಮಕ್ಕಳಿರಲಿಲ್ಲ. ಗಂಡ ಕಾರ್ಖಾನೆಯೊಂದರಲ್ಲಿ ಕಾವಲುಗಾರ. ಇದ್ದ ಮನೆಯೂ ಕಾರ್ಖಾನೆಯದೇ, ಹಾಗಾಗಿ ಅವನು ಹೋದ ತಿಂಗಳೊಪ್ಪತ್ತಿನಲ್ಲಿ ಮನೆಯೂ ಹೋಯಿತು. ಇಪ್ಪತ್ತು ವರ್ಷ ಒಂದೇ ಅಂಗಡಿಗೆ ಕಿಟಕಿ ಪರದೆ ಹೊಲಿದುಕೊಟ್ಟವಳು ಅವಳು. ಆ ಹೆಸರು ಹಾಗೆ ಅಂಟಿಕೊಂಡದ್ದು.

ಅವಳಿಗಿದ್ದವನು ಒಬ್ಬನೇ ತಮ್ಮ, ಮನೆ ಸೈಟುಗಳ ದಲ್ಲಾಳಿ. ಅವನ ಸ್ವಂತ ಮನೆಗೆ ಹನ್ನೊಂದು ಕಿಟಕಿ. ಹನ್ನೊಂದಕ್ಕೂ ಪರದೆ ಹೊಲಿದವಳು ಇವಳೇ ಆದ್ದರಿಂದ ಒಳಗೆ ಎಷ್ಟು ಕೋಣೆಗಳಿವೆ ಎಂಬುದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಕಾರ್ಖಾನೆಯವರು ಬೀಗದ ಕೈ ಕೇಳಿದ ದಿನ ತಮ್ಮ ಬಂದು ಟ್ರಂಕಿನ ಮೇಲೆ ಕೂತ.

"ನಮ್ಮಲ್ಲೇ ಇರು ಅನ್ನಬಹುದಿತ್ತು ಅಕ್ಕ. ಆದ್ರೆ ನಿಂಗೇ ಇರುಸುಮುರುಸು ಆಗುತ್ತೆ. ನನ್ನ ಕೈಲಿ ಒಂದು ಖಾಲಿ ಮನೆ ಇದೆ, ಎರಡು ವರ್ಷದಿಂದ ಮಾರಾಟ ಆಗ್ತಿಲ್ಲ. ಅಲ್ಲಿ ಇರು. ಬಾಡಿಗೆ ಬೇಡ. ಬೆಳಿಗ್ಗೆ ಕಿಟಕಿ ತೆಗಿ, ಸಂಜೆ ದೀಪ ಹಾಕು. ಜನ ಇರೋ ಮನೆ ಥರ ಕಂಡ್ರೆ ಸಾಕು."

"ಮಾರಾಟ ಆದ್ಮೇಲೆ?"

"ಆಗ ನೋಡೋಣ. ಮನೆಗಳಿಗೇನು ಬರವಾ?"

ಅವಳು ಹೋದಳು. ಹೋಗದೆ ಇನ್ನೇನು ಮಾಡುತ್ತಿದ್ದಳು?

ಆ ಮನೆ ಮುಚ್ಚಿಟ್ಟ ಡಬ್ಬಿಯ ಹಾಗೆ ನಾರುತ್ತಿತ್ತು. ಕೈ ಸುಮ್ಮನಿರುವ ಜಾತಿಯದಲ್ಲ ಅವಳದು. ನಲ್ಲಿಗಳನ್ನು ನಿಂಬೆಹೋಳಿನಿಂದ ಉಜ್ಜಿದಳು. ಬಾಗಿಲುಗಳ ಕೀಲಿಗೆ ಎಣ್ಣೆ ಬಿಟ್ಟಳು, ಬಾಗಿಲು ಕಿರುಗುಟ್ಟಿದರೆ ನೋಡಲು ಬಂದವರು ಗೋಡೆಯನ್ನೂ ಅನುಮಾನಿಸುತ್ತಾರೆ. ಅಂಗಡಿಯಲ್ಲಿ ಉಳಿದ ತುಂಡುಬಟ್ಟೆ ತಂದು ಪರದೆ ಹೊಲಿದು, ಕಿಟಕಿಗಿಂತ ಒಂದು ಮೊಳ ಮೇಲಿಂದ ನೆಲ ಮುಟ್ಟುವಂತೆ ಇಳಿಬಿಟ್ಟಳು. ತಗ್ಗು ಸೂರಿನ ಕೋಣೆಗೆ ಎತ್ತರ ಬಂದಂತಾಯಿತು. ಮಂಚ ಗಿಡ್ಡದ್ದು, ಕುರ್ಚಿ ಎರಡೇ. ಸಾಮಾನು ಕಡಿಮೆಯಿದ್ದಷ್ಟೂ ಮನೆ ದೊಡ್ಡದು. ಯಾರಾದರೂ ನೋಡಲು ಬರುವ ದಿನ ಒಗ್ಗರಣೆ ಹಾಕುತ್ತಿರಲಿಲ್ಲ, ಏಲಕ್ಕಿ ಹಾಕಿ ನೀರು ಕುದಿಸುತ್ತಿದ್ದಳು.

ಎರಡು ವರ್ಷ ಬಿದ್ದಿದ್ದ ಮನೆ ಎರಡೇ ತಿಂಗಳಲ್ಲಿ ಮಾರಾಟವಾಯಿತು. ತಮ್ಮ ಹಿಗ್ಗಿದ. "ನಿನ್ನ ಕೈಗುಣ ಅಕ್ಕ, ಮುಟ್ಟಿದ್ದೆಲ್ಲ ಚಿನ್ನ," ಎಂದ. ಆ ವಾರವೇ ಅವಳ ಟ್ರಂಕು, ಹೊಲಿಗೆ ಮಷೀನು ಎರಡೂ ಆಟೋ ಹತ್ತಿದವು.

ಹೀಗೆ ಏಳು ವರ್ಷದಲ್ಲಿ ಐದು ಮನೆ. ಎಷ್ಟು ಚೆನ್ನಾಗಿ ಸಿಂಗರಿಸಿದರೆ ಅಷ್ಟು ಬೇಗ ಬೀದಿಗೆ. ಇದು ಅವಳಿಗೆ ಎರಡನೇ ಮನೆಯಲ್ಲೇ ತಿಳಿದಿತ್ತು. ಆದರೂ ಕೆಲಸ ಕೆಡಿಸುವುದಕ್ಕೆ ಕೈ ಬಾರದು. ಗೋಡೆಗೆ ಗಂಡನ ಫೋಟೋ ಹಾಕಿದ್ದಕ್ಕೆ ತಮ್ಮ ಒಮ್ಮೆ ಮುಖ ಸಿಂಡರಿಸಿ, "ಸತ್ತೋರ ಫೋಟೋ ಕಂಡ್ರೆ ಕೊಳ್ಳೋರ ಮನಸ್ಸು ಹಿಂಜರಿಯುತ್ತೆ ಅಕ್ಕ" ಎಂದ ಮೇಲೆ ಅದು ಟ್ರಂಕಿನ ತಳ ಸೇರಿತು. ಕೊಳ್ಳಲು ಬಂದವರು ಅವಳ ಕಪಾಟು ತೆಗೆದು ನೋಡುತ್ತಿದ್ದರು, ಹಾಸಿಗೆ ಒತ್ತಿ ನೋಡುತ್ತಿದ್ದರು. ಅವಳು ಮೂಲೆಯಲ್ಲಿ ನಿಂತು, "ಬೆಳಿಗ್ಗೆ ಒಳ್ಳೆ ಬಿಸಿಲು ಬರುತ್ತೆ" ಎನ್ನುತ್ತಿದ್ದಳು. ಯಾರೆಂದು ಕೇಳಿದರೆ ಮಾಲೀಕರ ಸಂಬಂಧಿಕಳು ಎನ್ನಬೇಕೆಂದು ತಮ್ಮನ ಅಪ್ಪಣೆ.

ಆರನೆಯದು ಬಸ್ ಡಿಪೋದ ಹಿಂದಿನ ಬೀದಿಯಲ್ಲಿತ್ತು. ಎರಡು ಕೋಣೆ, ಹಿತ್ತಿಲಲ್ಲೊಂದು ಒಗೆಯುವ ಕಲ್ಲು. ಮಾಲೀಕನಿಗೂ ಅವನ ಅಣ್ಣನಿಗೂ ಕಾಗದಪತ್ರದ ತಕರಾರಿದ್ದುದರಿಂದ ಮಾರಾಟ ಮೂರು ವರ್ಷ ಎಳೆಯಿತು. ಮೂರು ವರ್ಷವೆಂದರೆ ಕಡಿಮೆಯಲ್ಲ. ಬೀದಿಯ ಹೆಂಗಸರು ರವಿಕೆ ಹೊಲಿಸಲು ಬರತೊಡಗಿದರು. ಪಕ್ಕದ ಮನೆಯ ಕಾಂಪೌಂಡರಮ್ಮ, ಎಂದರೆ ನಿವೃತ್ತ ಕಾಂಪೌಂಡರ್ ಒಬ್ಬರ ಹೆಂಡತಿ, ದಿನಾ ಮಧ್ಯಾಹ್ನ ಬಂದು ಮಷೀನಿನ ಪಕ್ಕ ಕಾಲು ಚಾಚುತ್ತಿದ್ದಳು. ಇಬ್ಬರೂ ಊರ ಉಸಾಬರಿಯನ್ನೆಲ್ಲ ಅಲ್ಲೇ ಇತ್ಯರ್ಥ ಮಾಡುತ್ತಿದ್ದರು. ಪರದೆಯಕ್ಕ ತರಕಾರಿಯವನಿಗೆ ಈ ಮನೆ ತೋರಿಸಿ "ನಮ್ಮನೆ" ಎನ್ನತೊಡಗಿದ್ದು ಯಾವ ದಿನದಿಂದಲೋ ಅವಳಿಗೇ ಗೊತ್ತಿಲ್ಲ.

ತಕರಾರು ಮುಗಿದ ಸುದ್ದಿ ಬಂದಾಗ ಅವಳು ತಮ್ಮನ ಹತ್ತಿರ ಬಾಯಿಬಿಟ್ಟು ಕೇಳಿದಳು. "ಮಾಲೀಕರಿಗೆ ಹೇಳಿ ನೋಡು. ನಾನೇ ಬಾಡಿಗೆ ಕೊಟ್ಕೊಂಡು ಇರ್ತೀನಿ. ಹೊಲಿಗೆ ಚೆನ್ನಾಗಿ ನಡೀತಿದೆ."

"ಹೇಳ್ತೀನಿ ಅಕ್ಕ."

ಅವನು ಹೇಳಲಿಲ್ಲ. ಹದಿನೈದು ದಿನದ ಮೇಲೆ ಬಂದು ಹಿಂದಿನ ಕೋಣೆಯ ಗೋಡೆ ನೋಡಿದ. ಮಳೆಗಾಲದಲ್ಲಿ ಸೊಂಟದೆತ್ತರಕ್ಕೆ ತೇವ ಏರಿ ಸುಣ್ಣ ಹಪ್ಪಳದಂತೆ ಏಳುತ್ತಿದ್ದ ಗೋಡೆ ಅದು. "ಭಾನುವಾರ ಒಂದು ಪಾರ್ಟಿ ಬರ್ತಿದೆ. ಇದನ್ನ ಕೆರೆಸಿ ಬಣ್ಣ ಹೊಡೆಸ್ತೀನಿ. ನೀನು ಮುಂದೆ ಕಪಾಟು ನಿಲ್ಲಿಸು, ಒಂದು ಪರದೆ ಇಳಿಬಿಡು," ಎಂದ.

ಅವಳು ಪರದೆ ಹೊಲಿದಳು. ತಿಳಿಹಳದಿ ಬಟ್ಟೆ, ಅಂಚಿಗೆ ಸಣ್ಣ ನೆರಿಗೆ. ಅಷ್ಟು ಚಂದದ ಪರದೆಯನ್ನು ಅವಳು ಅದುವರೆಗೆ ಹೊಲಿದಿರಲಿಲ್ಲ.

ಭಾನುವಾರ ಬಂದದ್ದು ಒಬ್ಬ ಟೀಚರು ಮತ್ತು ಆಕೆಯ ಗಂಡ. ಟೀಚರಮ್ಮ ಮೃದು ಮಾತಿನವಳು, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಳು, ಕಪಾಟು ತೆಗೆಯುವ ಮುಂಚೆ "ತೆಗೀಲಾ?" ಎಂದು ಕೇಳಿದಳು. ಹತ್ತು ವರ್ಷ, ಆರು ಮನೆ; ಅದನ್ನು ಕೇಳಿದವಳು ಇವಳೊಬ್ಬಳೇ. ತಮ್ಮನೂ ಆಕೆಯ ಗಂಡನೂ ತಾರಸಿ ನೋಡಲು ಮೇಲೆ ಹೋದರು. ಟೀಚರಮ್ಮ ಹಿಂದಿನ ಕೋಣೆಯಲ್ಲಿ ನಿಂತು ಪರದೆಯನ್ನು ಬೆರಳಲ್ಲಿ ಮುಟ್ಟಿ, "ಎಷ್ಟು ಚೆನ್ನಾಗಿದೆ. ಮನೆ ಹೇಗಮ್ಮ? ನೀವು ಇದ್ದೋರು, ನಿಮಗೆ ಗೊತ್ತಿರುತ್ತೆ" ಎಂದಳು.

ಪರದೆಯಕ್ಕ ಪರದೆ ಸರಿಸಿದಳು. "ಈ ಗೋಡೆ ಮಳೆಗಾಲದಲ್ಲಿ ಅಳುತ್ತೆ ತಾಯಿ. ಇಲ್ಲೀವರೆಗೆ ಒದ್ದೆ. ಬಣ್ಣ ಬಳಿದು ವಾರ ಆಗಿಲ್ಲ. ಬಟ್ಟೆಬರೆಗೆಲ್ಲ ಬೂಷ್ಟು ಹಿಡಿಯುತ್ತೆ. ನಿಮ್ಮ ಜಾಗದಲ್ಲಿ ನಾನಿದ್ರೆ ತಗೋತಿರಲಿಲ್ಲ."

ಟೀಚರಮ್ಮ ಅವಳ ಕೈ ಹಿಡಿದುಕೊಂಡಳು. "ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ," ಎಂದಳು. ಕಣ್ಣು ತುಂಬಿದಂತೆಯೂ ಇತ್ತು.

ಅವರು ಹೋದ ಮೇಲೆ ಪರದೆಯಕ್ಕ ಕಾಂಪೌಂಡರಮ್ಮನನ್ನು ಕರೆದು ಚಹಾ ಕೊಟ್ಟಳು. ಆ ವಾರ ಅವಳು ಹಿತ್ತಿಲಲ್ಲಿ ಎರಡು ಮೆಣಸಿನ ಸಸಿಯನ್ನೂ ನೆಟ್ಟಳು.

ಒಂಬತ್ತನೇ ದಿನ ತಮ್ಮ ಬಂದ. ಕೂರಲಿಲ್ಲ. ದನಿ ಏರಿಸಲೂ ಇಲ್ಲ.

"ಮನೆ ಹೋಯ್ತು ಅಕ್ಕ. ಟೀಚರೇ ತಗೊಂಡ್ರು. ಗೋಡೆ ಒದ್ದೆ ಅಂತ ಹಿಡಿದು ಕೂತು ನಾಲ್ಕನೇ ಒಂದು ಪಾಲು ಇಳಿಸಿಕೊಂಡ್ರು. ಯಾರು ಹೇಳಿದ್ದು ಅಂದ್ರೆ, ನಿಮ್ಮ ಮನೇಲಿರೋ ಹೆಂಗಸೇ ಅಂದ್ರು ಎಲ್ಲರ ಮುಂದೆ. ಮಾಲೀಕ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ."

ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಕೂತೇ ಇದ್ದಳು.

"ಹತ್ತು ವರ್ಷ ನಿಂಗೆ ಸೂರು ಕೊಟ್ಟೆ. ಉಂಡ ಮನೆಗೆ ಎರಡು ಬಗೆದ್ಯಲ್ಲ."

"ಉಂಡ ಮನೆ ಅಂದ್ರೆ ಯಾವುದು ಹೇಳಪ್ಪ," ಎಂದಳು ಅವಳು. "ಆರರಲ್ಲಿ ಯಾವುದು? ನಿನ್ನ ಮನೇಲಂತೂ ಪರದೆ ನೇತು ಹಾಕೋಕೆ ಬಂದಾಗ ಒಂದು ಲೋಟ ಚಹಾ ಕುಡ್ದಿದ್ದು. ಅದನ್ನ ಲೆಕ್ಕಕ್ಕೆ ಹಿಡಿತೀಯಾ?"

ಅವನು ಚಪ್ಪಲಿ ಮೆಟ್ಟಿಕೊಂಡ. ಆಮೇಲೆ, "ಶನಿವಾರದೊಳಗೆ ಖಾಲಿ ಮಾಡು. ಇನ್ನು ಬೇರೆ ಮನೆ ನನ್ನ ಕೈಲಿಲ್ಲ," ಎಂದು ಹೊರಟ. ಅಕ್ಕ ತಮ್ಮಂದಿರ ನಡುವೆ ಅದೇ ಕೊನೆಯ ಮಾತು. ಅವನು ಕೆಟ್ಟವನೆಂದು ಬೀದಿಯವರು ಹೇಳಿದರೆ ಪರದೆಯಕ್ಕ ತಲೆಯಾಡಿಸುತ್ತಿರಲಿಲ್ಲ, ಅಲ್ಲವೆಂದೂ ಹೇಳುತ್ತಿರಲಿಲ್ಲ.

ಶುಕ್ರವಾರ ಟೀಚರಮ್ಮ ಅಳತೆ ಟೇಪು ಹಿಡಿದು ಬಂದಳು. "ಪರದೆಗಳನ್ನ ಹಾಗೇ ಬಿಟ್ಟು ಹೋಗ್ತೀರಲ್ವಾ? ಮನೆ ಜೊತೆ ಬರುತ್ತೆ ಅಂತ ನಿಮ್ಮ ತಮ್ಮ ಹೇಳಿದ್ರು" ಎಂದಳು. ಅದೇ ಮೃದು ದನಿ. ಪರದೆಯಕ್ಕ ಹೂಂ ಎಂದಳು. ಅವನ್ನು ಕಿತ್ತುಕೊಂಡು ಹೋಗಬೇಕೆಂದು ಅಂದು ಸಂಜೆ ಸ್ಟೂಲು ಹತ್ತಿದವಳು ಹಾಗೇ ಇಳಿದಳು. ತೂಗುಹಾಕಲು ಅವಳಿಗೆ ಕಿಟಕಿ ಎಲ್ಲಿದೆ?

ಈಗ ಅವಳು ಇಸ್ತ್ರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿದ್ದಾಳೆ. ಬಾಡಿಗೆಯದು. ಅಲ್ಲಿ ಬೆಳಕಿಗೆಂದು ಇರುವುದು ಬಾಗಿಲೊಂದೇ. ಇಡೀ ದಿನ ಗೋಡೆಯಾಚೆಯಿಂದ ಇದ್ದಿಲ ಕಾವು. ಹಳೆಯ ಬೀದಿಯ ಹೆಂಗಸರು ದೂರವಾಯಿತೆಂದು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕಾಂಪೌಂಡರಮ್ಮ ಮಾತ್ರ ಮೊಣಕಾಲು ನೋವಿದ್ದರೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಾಳೆ.

"ಸತ್ಯ ಹೇಳಿದ್ದಕ್ಕೆ ನಿಂಗೆ ಈ ಗತಿ ಬಂತು," ಎಂದು ಅವಳು ಒಮ್ಮೆ ಲೊಚಗುಟ್ಟಿದಳು.

"ಸತ್ಯಾನೂ ಇಲ್ಲ, ಮಣ್ಣೂ ಇಲ್ಲ," ಎಂದಳು ಪರದೆಯಕ್ಕ. "ಹಿಂದಿನ ಐದು ಮನೇಲೂ ಒಂದಲ್ಲ ಒಂದು ಹುಳುಕಿತ್ತು. ಒಬ್ಬರಿಗಾದ್ರೂ ಹೇಳಿದ್ನಾ? ಇಲ್ಲಿ ನನಗೆ ಉಳೀಬೇಕಿತ್ತು, ಅದಕ್ಕೆ ಹೇಳ್ದೆ. ಧರ್ಮಕ್ಕೆ ಹೇಳಿದ್ರೆ ಮನಸ್ಸಿಗಾದ್ರೂ ತಂಪಿರ್ತಿತ್ತು."

ಕಾಂಪೌಂಡರಮ್ಮ ಹೇಳಲೋ ಬೇಡವೋ ಎಂದು ಸೆರಗಿನ ತುದಿ ಸುತ್ತಿದಳು. ಬಂದಾಗಿನಿಂದ ಅವಳ ಬಾಯಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಟೀಚರಮ್ಮ ಗೋಡೆ ದುರಸ್ತಿ ಮಾಡಿಸಿ, ನೆಂಟರನ್ನು ಕರೆದು ಮನೆ ತೋರಿಸುವಾಗ ಹಿತ್ತಿಲ ಗೋಡೆಯಾಚೆಯಿಂದ ಇವಳಿಗೆ ಕೇಳಿಸಿತ್ತು. "ಇಲ್ಲೊಬ್ಬಳು ಪೆದ್ದಿ ಇದ್ದಳು, ತಾನಾಗೇ ಎಲ್ಲಾ ಒದರಿಬಿಟ್ಟಳು. ಅವಳ ದೆಸೆಯಿಂದ ನಮಗೆ ಅಗ್ಗಕ್ಕೆ ಬಂತು," ಎಂದು ನಗುತ್ತಿದ್ದಳು. ಕೊನೆಗೆ ಹೇಳಿಯೇಬಿಟ್ಟಳು.

ಪರದೆಯಕ್ಕ ಸೂಜಿಯ ಕಣ್ಣಿಗೆ ದಾರ ಹಿಡಿದಳು, ತಪ್ಪಿತು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಹಿಡಿದಳು, ಮತ್ತೂ ತಪ್ಪಿತು.

"ಪೋಣಿಸಿಕೊಡೇ," ಎಂದು ಸೂಜಿಯನ್ನು ಗೆಳತಿಯ ಕಡೆ ಚಾಚಿದಳು. "ಇಲ್ಲಿ ಬೆಳಕೇ ಸಾಲದು."